ಬಾಲಿಯ ಭತ್ತದ ಹಳ್ಳಿಯಲ್ಲಿ ಓಡಾಟ, ವಾಸ, ಹೂಡಿಕೆ: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ಈಗ ನೇರ ವಿಮಾನ ಇದೆ. ಹೋಗುವವರಲ್ಲಿ ಹೆಚ್ಚಿನವರು ಬೀಚು, ಉಬುದ್, ಉಯ್ಯಾಲೆ ಮೇಲೊಂದು ಫೋಟೋ ಮುಗಿಸಿ ವಾಪಸ್ ಬರುತ್ತಾರೆ. ಕೆಲವರು ಮಾತ್ರ ತಬಾನನ್ ಕಡೆಯ ಬೆಟ್ಟ ಹತ್ತಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ ನೋಡುತ್ತಾರೆ. ಆಮೇಲೆ ಒಂದು ಲೆಕ್ಕ ಶುರುವಾಗುತ್ತದೆ: "ಇಲ್ಲೇ ಒಂದ್ನಾಲ್ಕು ಗುಂಟೆ ತಗೊಂಡು ಸಣ್ಣ ಮನೆ ಹಾಕಿಕೊಂಡರೆ ಹೇಗೆ?" ಈ ಬರಹ ಅಂಥವರಿಗೆ.

ಉದಾಹರಣೆಗೆ ಜತಿಲುವಿಹ್ ಹಳ್ಳಿಯನ್ನು ಇಟ್ಟುಕೊಂಡಿದ್ದೇನೆ. ತಬಾನನ್ ಜಿಲ್ಲೆ, ಪೆನೆಬೆಲ್ ತಾಲ್ಲೂಕು. ಬಟುಕರು ಬೆಟ್ಟದ ಮಗ್ಗುಲಲ್ಲಿ, ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರ. ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ: ಮೊದಲು ಹೋಗಿ ನೋಡಿ, ಆಮೇಲೆ ಇದ್ದು ನೋಡಿ, ಆಮೇಲೆ ಬಾಡಿಗೆಗೆ ಹಿಡಿಯಿರಿ. ದುಡ್ಡು ಹಾಕುವುದಾದರೆ ಕೊನೆಗೆ, ಅದೂ ಜಮೀನಿಗಲ್ಲ.

ಹಂತ 1: ಟಿಕೆಟ್‌ಗಿಂತ ಮುಂಚೆ ನೀರಿನ ಲೆಕ್ಕ ತಿಳಿಯಿರಿ

ಬಾಲಿಯ ಗದ್ದೆ ಒಬ್ಬೊಬ್ಬ ರೈತನ ಸ್ವಂತ ಸಾಮ್ರಾಜ್ಯ ಅಲ್ಲ. ಒಂದೇ ಕಾಲುವೆಯಿಂದ ನೀರು ಪಡೆಯುವ ರೈತರೆಲ್ಲ ಸೇರಿ 'ಸುಬಕ್' ಅನ್ನುವ ಸಂಘ ಮಾಡಿಕೊಂಡಿರುತ್ತಾರೆ. ಸಾವಿರ ವರ್ಷದಿಂದ ನಡೆದುಬಂದ ವ್ಯವಸ್ಥೆ ಇದು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಬರೀ ಚಂದದ ಗದ್ದೆಯನ್ನಲ್ಲ, ಈ ವ್ಯವಸ್ಥೆಯನ್ನು. ಸುಬಕ್‌ಗೆ ಒಬ್ಬ ಮುಖ್ಯಸ್ಥ, ಅವನಿಗೆ ಪೆಕಸೆಹ್ ಅನ್ನುತ್ತಾರೆ. ನಮ್ಮ ಕೆರೆ ಬಯಲಿನ ನೀರುಗಂಟಿ ನೆನಪಾಗುತ್ತಾನೆ. ಆದರೆ ಪೆಕಸೆಹ್‌ನ ಕೈ ಇನ್ನೂ ಉದ್ದ. ನೀರಿನ ಸರದಿ, ನಾಟಿ ದಿನ, ಕಾಲುವೆ ರಿಪೇರಿ, ಪೂಜೆ ಎಲ್ಲವೂ ಸಭೆ ಸೇರಿ, ಅವನ ಮುಂದಾಳತ್ವದಲ್ಲೇ ತೀರ್ಮಾನ ಆಗಬೇಕು.

ಗದ್ದೆ ಬದುವಿನ ಮೇಲೆ ನಡೆಯುವಾಗ ಕಾಲುವೆ ಕವಲೊಡೆಯುವ ಜಾಗದಲ್ಲಿ ಒಂದು ನಿಮಿಷ ನಿಲ್ಲಿ. ನೀರಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ ಇರುತ್ತದೆ, ಈಗೀಗ ಕೆಲವು ಕಡೆ ಸಿಮೆಂಟಿನದು. ಅದರಲ್ಲಿ ಕಚ್ಚು ಕೊರೆದಿರುತ್ತಾರೆ. ಒಂದು ಕಚ್ಚು ಅಗಲ, ಪಕ್ಕದ್ದು ಕಿರಿದು. ಕೆಳಗೆ ಜಾಸ್ತಿ ಗದ್ದೆ ಇರುವ ಕವಲಿಗೆ ಅಗಲದ ಕಚ್ಚು, ಕಮ್ಮಿ ಇರುವ ಕವಲಿಗೆ ಕಿರಿದು. ಗೇಟಿಲ್ಲ, ಬೀಗವಿಲ್ಲ, ಮೀಟರಿಲ್ಲ. ಒಂದು ಕಲ್ಲು ಆಚೀಚೆ ಇಟ್ಟರೂ ಕೆಳಗಿನವನಿಗೆ ಗೊತ್ತಾಗುತ್ತದೆ. ಈ ದಿಮ್ಮಿಗೆ ಟೆಂಬುಕು ಅಂತ ಹೆಸರು.

ನಾಟಿ ದಿನವನ್ನು ಸಭೆ ಯಾಕೆ ತೀರ್ಮಾನಿಸಬೇಕು? ಇದಕ್ಕೆ ದೊಡ್ಡ ಪಾಠ ಸಿಕ್ಕಿದ್ದು 1970ರ ದಶಕದಲ್ಲಿ. ಹಸಿರು ಕ್ರಾಂತಿಯ ಹುರುಪಲ್ಲಿ ಸರ್ಕಾರ ಬೇಗ ಬರುವ ಹೊಸ ತಳಿ ಕೊಟ್ಟು, ಎಷ್ಟು ಬೆಳೆ ಸಾಧ್ಯವೋ ಅಷ್ಟು ಬೆಳೆಯಿರಿ ಅಂದಿತು. ಅವರವರಿಗೆ ತೋಚಿದ ಹಾಗೆ ನಾಟಿ ಆಯಿತು. ಕಂದು ಜಿಗಿಹುಳು, ಇಲಿ ಎರಡೂ ಹೆಚ್ಚಿದವು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೊತೆಗಾರರು ಆಮೇಲೆ ಕಂಪ್ಯೂಟರ್ ಮಾದರಿ ಕಟ್ಟಿ ತೋರಿಸಿದ್ದು ಇಷ್ಟೇ: ಒಂದು ಬಯಲಿನ ಗದ್ದೆಯೆಲ್ಲ ಒಟ್ಟಿಗೆ ಕೊಯ್ದು ಒಟ್ಟಿಗೆ ಬೀಳು ಬಿಟ್ಟರೆ ಹುಳಕ್ಕೆ ಊಟ ಸಿಗದೆ ಸಾಯುತ್ತದೆ. ಆದರೆ ಎಲ್ಲರೂ ಒಂದೇ ದಿನ ನಾಟಿ ಮಾಡಿದರೆ ನೀರು ಸಾಲದು. ಈ ಎರಡರ ನಡುವಿನ ಹದವನ್ನು ನೀರಿನ ದೇವಸ್ಥಾನಗಳ ಪಂಚಾಂಗ ಹಿಂದಿನಿಂದಲೂ ಕಾಪಾಡಿಕೊಂಡು ಬಂದಿತ್ತು.

ಹಾಗಾಗಿ ಅಲ್ಲಿ "ನನ್ನ ಜಮೀನು, ನನ್ನಿಷ್ಟ" ಅನ್ನುವ ಮಾತು ನಡೆಯುವುದಿಲ್ಲ. ಹೂಡಿಕೆಯ ಯೋಚನೆ ಇದ್ದರೆ ಇದನ್ನು ಈಗಲೇ ಮನಸ್ಸಿಗೆ ಹಾಕಿಕೊಳ್ಳಿ.

ಹಂತ 2: ಯಾವಾಗ ಹೋಗಬೇಕು

ನವೆಂಬರ್‌ನಿಂದ ಮಾರ್ಚ್ ತನಕ ಮಳೆಗಾಲ. ಜತಿಲುವಿಹ್‌ನ ಹೆಸರುವಾಸಿ ಕೆಂಪಕ್ಕಿ ತಳಿಗೆ ಐದಾರು ತಿಂಗಳು ಬೇಕು. ವರ್ಷದ ಶುರುವಿನಲ್ಲಿ ನಾಟಿ, ಜೂನ್-ಜುಲೈ ಹೊತ್ತಿಗೆ ಕೊಯ್ಲು. ಹಸಿರು ನೋಡಬೇಕಾದರೆ ಏಪ್ರಿಲ್-ಮೇ ಒಳ್ಳೆಯದು. ಕೊಯ್ಲು ನೋಡಬೇಕಾದರೆ ಜುಲೈಗಿಂತ ತಡ ಮಾಡಬೇಡಿ. ಕೊಯ್ಲಾದ ಮೇಲೆ ಹೋಗಿ "ಫೋಟೋದಲ್ಲಿದ್ದ ಹಾಗೆ ಇಲ್ಲವಲ್ಲ" ಅಂದರೆ ತಪ್ಪು ಗದ್ದೆಯದಲ್ಲ.

ಒಂದು ದಿನ ಮಾತ್ರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ: ನ್ಯೆಪಿ. ಬಾಲಿಯವರ ಶಕ ವರ್ಷದ ಮೊದಲ ದಿನ. ಕೆಲವು ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ, 2026ರಲ್ಲಂತೂ ಎರಡೂ ಮಾರ್ಚ್ 19ಕ್ಕೇ ಬಿದ್ದಿವೆ. ನಮ್ಮಲ್ಲಿ ಆ ದಿನ ಹೋಳಿಗೆ ಊಟ, ಅಲ್ಲಿ ಉಪವಾಸ ಮತ್ತು ಮೌನ. 24 ಗಂಟೆ ವಿಮಾನ ನಿಲ್ದಾಣವೇ ಮುಚ್ಚುತ್ತದೆ. ರಸ್ತೆಗೆ ಇಳಿಯುವಂತಿಲ್ಲ, ರಾತ್ರಿ ದೀಪ ಹೊರಗೆ ಕಾಣುವಂತಿಲ್ಲ. ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ಕಪ್ಪು ಬಿಳಿ ಚೌಕುಳಿ ಬಟ್ಟೆ ಉಟ್ಟ ಪೆಚಲಾಂಗ್ ಕಾವಲುಗಾರರು ಸುತ್ತು ಹಾಕುತ್ತಿರುತ್ತಾರೆ. ಹಿಂದಿನ ದಿನವೇ ಬಿಸ್ಕತ್ತು, ಹಣ್ಣು ತಂದಿಟ್ಟುಕೊಳ್ಳಿ.

ಹಂತ 3: ಕಾಗದಪತ್ರ

ಸುಮ್ನೆ ನೋಡಿ ಬರಲು ಭಾರತೀಯರಿಗೆ ವೀಸಾ ಆನ್ ಅರೈವಲ್ ಸಾಕು. 5 ಲಕ್ಷ ರುಪಿಯಾ (ಇಂಡೋನೇಷ್ಯದ ಹಣ) ಶುಲ್ಕ, 30 ದಿನ ಇರಬಹುದು, ಒಂದೇ ಒಂದು ಸಲ ಇನ್ನೂ 30 ದಿನ ವಿಸ್ತರಿಸಬಹುದು. ಸರ್ಕಾರದ ಇ-ವೀಸಾ ತಾಣದಲ್ಲಿ ಮೊದಲೇ ಮಾಡಿಸಿಕೊಂಡರೆ ಕ್ಯೂ ತಪ್ಪುತ್ತದೆ. ಅದೇ ಹೆಸರಿನ ಹಾಗೆ ಕಾಣುವ ಏಜೆಂಟರ ತಾಣಗಳು ದುಪ್ಪಟ್ಟು ಕೀಳುತ್ತವೆ, ಹುಷಾರು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು, ವಾಪಸ್ ಟಿಕೆಟ್ ಕೈಯಲ್ಲಿರಬೇಕು. ಬಾಲಿಗೆ ಮಾತ್ರ ಬೇರೆಯಾಗಿ 1.5 ಲಕ್ಷ ರುಪಿಯಾ ಪ್ರವಾಸಿ ತೆರಿಗೆ ಇದೆ, 2024ರ ಫೆಬ್ರವರಿಯಿಂದ.

ಸೊನ್ನೆ ನೋಡಿ ಗಾಬರಿಯಾಗಬೇಡಿ. ಒಂದು ಲಕ್ಷ ರುಪಿಯಾ ಅಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ಅಲ್ಲಿನವರು ಹತ್ತು ಲಕ್ಷಕ್ಕೆ 'ಜುಟಾ' ಅನ್ನುತ್ತಾರೆ. ಬಾಡಿಗೆ, ಗಾಡಿ, ಜಮೀನು ಎಲ್ಲ ಮಾತೂ ಜುಟಾದಲ್ಲೇ.

ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಊಟ-ವಸತಿಗೆ ಬದಲಾಗಿ ತೋಟದ ಕೆಲಸ ಮಾಡುತ್ತೇನೆ ಅನ್ನುವುದೂ ಇದರೊಳಗೆ ಸಿಕ್ಕಿಬೀಳುತ್ತದೆ. ದುಡ್ಡು ಕೊಟ್ಟು ಅರ್ಧ ದಿನ ನಾಟಿ ಕಲಿಯುವುದು ಬೇರೆ, ದಿನಾ ಗದ್ದೆಗಿಳಿಯುವುದು ಬೇರೆ.

ಹಂತ 4: ಊರು ಮುಟ್ಟುವುದು

ವಿಮಾನ ನಿಲ್ದಾಣದಿಂದ ಜತಿಲುವಿಹ್‌ಗೆ 50 ಕಿಲೋಮೀಟರ್ ಚಿಲ್ಲರೆ. ಆದರೂ ಎರಡು ಗಂಟೆ ಇಟ್ಟುಕೊಳ್ಳಿ, ದಕ್ಷಿಣ ಬಾಲಿಯ ಟ್ರಾಫಿಕ್ ಸಿಲ್ಕ್ ಬೋರ್ಡಿಗೆ ಏನೂ ಕಮ್ಮಿಯಿಲ್ಲ. ಊರಿಗೆ ನೇರ ಬಸ್ಸು ನೆಚ್ಚಿಕೊಳ್ಳಬೇಡಿ. ಗ್ರ್ಯಾಬ್, ಗೊಜೆಕ್ ಆ್ಯಪ್‌ಗಳು ಕರೆದುಕೊಂಡು ಹೋಗಿ ಬಿಡಬಹುದು, ಆದರೆ ಬೆಟ್ಟದ ಮೇಲಿಂದ ವಾಪಸ್ ಬರಲು ಗಾಡಿ ಸಿಗುವುದು ಕಷ್ಟ. ದಿನದ ಲೆಕ್ಕದಲ್ಲಿ ಡ್ರೈವರ್ ಸಮೇತ ಕಾರು ಮಾಡಿಕೊಳ್ಳುವುದೇ ನೆಮ್ಮದಿ.

ಸ್ಕೂಟರ್ ಬಾಡಿಗೆಗೆ ಸಿಗುತ್ತದೆ. ನಮ್ಮ ಹಾಗೇ ಎಡಬದಿ ಓಡಾಟ. ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಅದರಲ್ಲಿ ದ್ವಿಚಕ್ರ ವಾಹನ ನಮೂದಾಗಿದೆಯಾ ನೋಡಿ. ಅದಿಲ್ಲದೆ ಬಿದ್ದರೆ ಟ್ರಾವೆಲ್ ಇನ್ಶೂರೆನ್ಸ್ ಕಂಪನಿ ಕೈಯೆತ್ತಲು ನೆಪ ಸಿಕ್ಕ ಹಾಗೆ.

ಹತ್ತಿರದಲ್ಲೇ ಬೆಡುಗುಲ್, ಬೆರತಾನ್ ಕೆರೆಯ ದೇವಸ್ಥಾನ, ಬಟುಕರು ಕಾಡಿನಂಚಿನ ಲುಹುರ್ ಬಟುಕರು ದೇವಸ್ಥಾನ ಇವೆ. ಇನ್ನೂ ಉತ್ತರಕ್ಕೆ ಹೋದರೆ ಮುಂಡುಕ್. ಕಾಫಿ, ಲವಂಗದ ತೋಟ, ಮಂಜು, ಜಲಪಾತ. ಕೊಡಗು-ಚಿಕ್ಕಮಗಳೂರಿನವರಿಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ, ರಸ್ತೆ ಬದಿಯ ಚಾಪೆ ಮೇಲೆ ಒಣಗುವ ಲವಂಗದ ವಾಸನೆ ಬಿಟ್ಟರೆ.

ಹಂತ 5: ಮನೆ, ಕರೆಂಟು, ನೀರು

ಮೊದಲ ವಾರ ಹಳ್ಳಿಯವರೇ ನಡೆಸುವ ಹೋಮ್‌ಸ್ಟೇಯಲ್ಲಿ ಇರಿ. ದುಡ್ಡು ನೇರ ಆ ಮನೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರಿಗೆ ಯಾರು ಏನಾಗಬೇಕು ಅನ್ನುವುದು ನಿಮಗೆ ತಿಳಿಯುತ್ತದೆ. ನೀವು ಬಂದಿರುವುದನ್ನು ಮನೆಯವರು ವಲಸೆ ಇಲಾಖೆಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಅನುಮಾನ ಪಡಬೇಡಿ.

ತಿಂಗಳುಗಟ್ಟಲೆ ಮನೆ ಹಿಡಿಯುವುದಾದರೆ ಮೊದಲು ಕೇಳಬೇಕಾದ್ದು ಕರೆಂಟಿನ ಬಗ್ಗೆ. ಹಳ್ಳಿ ಮನೆಗಳಲ್ಲಿ 900 ಅಥವಾ 1300 ವಿಎ (ವೋಲ್ಟ್-ಆಂಪಿಯರ್), ಅಂದರೆ ಕಮ್ಮಿ ಸಾಮರ್ಥ್ಯದ ಸಂಪರ್ಕ ಸಾಮಾನ್ಯ. ಕೆಟಲ್ ಹಾಕಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಹಾಕಿದಿರೋ, ಟಕ್ ಅಂತ ಟ್ರಿಪ್ ಆಗುತ್ತದೆ. ನಮ್ಮ ಮಿಕ್ಸಿ ತೆಗೆದುಕೊಂಡು ಹೋಗುವವರು ಇದನ್ನು ನೆನಪಿಡಿ. ಮೀಟರ್ ಹೆಚ್ಚಾಗಿ ಪ್ರೀಪೇಯ್ಡ್. ಅಂಗಡಿಯಲ್ಲಿ ಟೋಕನ್ ಕೊಂಡು, 20 ಅಂಕಿಯನ್ನು ಮೀಟರ್ ಮೇಲೆ ಒತ್ತಬೇಕು. ಮುಗಿಯುತ್ತಾ ಬಂದಾಗ ಮೀಟರ್ ಬೀಪ್ ಬೀಪ್ ಅಂತ ಮಧ್ಯರಾತ್ರಿಯಲ್ಲೂ ಬಡಿದುಕೊಳ್ಳುತ್ತದೆ. ನಮ್ಮ ಎರಡು ಪಿನ್ನಿನ ಚಾರ್ಜರ್ ನಡೆಯುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ನಲ್ಲಿ ನೀರು ಕುಡಿಯಬೇಡಿ. 19 ಲೀಟರಿನ ಕ್ಯಾನ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಡೆಂಗಿ ಇದೆ, ಸೊಳ್ಳೆ ಮುಲಾಮು ಇಟ್ಟುಕೊಳ್ಳಿ. 2008ರಿಂದ ಬಾಲಿಯಲ್ಲಿ ರೇಬಿಸ್ ಕೂಡ ಇದೆ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹದಿನೈದು ನಿಮಿಷ ಸೋಪು ಹಾಕಿ ತೊಳೆದು ಅದೇ ದಿನ ಪುಸ್ಕೆಸ್ಮಾಸ್‌ಗೆ, ಅಂದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಓಡಿ.

ಹಂತ 6: ಸಸ್ಯಾಹಾರಿಗಳ ಪಾಡು

ಹಿಂದೂಗಳ ಊರು, ಸೊಪ್ಪು-ಸಾರು ಸಿಗುತ್ತದೆ ಅಂದುಕೊಂಡು ಹೋದರೆ ಕಷ್ಟ. ಬಾಲಿಯ ಹಿಂದೂಗಳು ಹಂದಿ, ಕೋಳಿ ಎಲ್ಲ ತಿನ್ನುತ್ತಾರೆ. ಹಬ್ಬದ ಅಡುಗೆ ಲಾವರ್‌ನಲ್ಲಿ ತರಕಾರಿ, ತೆಂಗಿನ ತುರಿ ಕಾಣುತ್ತದೆ, ಮಾಂಸ ಬೆರೆತಿರುತ್ತದೆ, ಕೆಲವು ಸಲ ರಕ್ತವೂ. ನಿಜವಾದ ತೊಡಕು ತೆರಾಸಿ ಅನ್ನುವ ಒಣ ಸಿಗಡಿ ಪೇಸ್ಟ್. ಸಾಂಬಾಲ್ ಚಟ್ನಿಗೆ, ಪಲ್ಯಕ್ಕೆ, ಎಲ್ಲದಕ್ಕೂ ಚಿಟಿಕೆ ಹಾಕುತ್ತಾರೆ. ಅದನ್ನು ಮಾಂಸ ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ "ವೆಜಿಟೇರಿಯನ್" ಅಂದರೆ ಸಾಲದು. "ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ" ಅನ್ನಿ. ಮಾಂಸ ಬೇಡ, ಮೀನು ಬೇಡ, ತೆರಾಸಿ ಬೇಡ. ಮೊಟ್ಟೆಯೂ ಬೇಡವಾದರೆ "ತನ್ಪಾ ತೆಲುರ್".

ತೆಂಪೆ, ತಾಹು, ಅಂದರೆ ಸೋಯಾದ ಬಿಲ್ಲೆ ಮತ್ತು ತೋಫು, ಹೊಟ್ಟೆ ತುಂಬಿಸುತ್ತವೆ. ಊರಿನ ಕೆಂಪಕ್ಕಿ ಅನ್ನ ತಿನ್ನಲೇಬೇಕು, ಅದೇ ಅಕ್ಕಿ ಹುರಿದು ಮಾಡುವ ಟೀ ಕೂಡ ಕುಡಿಯಿರಿ. ನಮ್ಮ ಕರಾವಳಿ-ಮಲೆನಾಡಿನ ಕೆಂಪಕ್ಕಿ ಉಂಡವರಿಗೆ ಇಷ್ಟವಾಗುತ್ತದೆ. ಉಪ್ಪಿನಕಾಯಿ ಮಾತ್ರ ಊರಿಂದಲೇ ತೆಗೆದುಕೊಂಡು ಹೋಗಿ.

ಹಂತ 7: ಬಂಜಾರ್‌ನಲ್ಲಿ ಬಾಳುವುದು

ಸುಬಕ್ ಗದ್ದೆಯವರದ್ದಾದರೆ, ಬಂಜಾರ್ ಮನೆಗಳವರದ್ದು. ನಮ್ಮ ಕೇರಿ ಇದ್ದ ಹಾಗೆ, ಆದರೆ ನಿಯಮ, ದಂಡ, ಸಭಾಮಂಟಪ ಎಲ್ಲ ಇದೆ. ಸಾವು, ಮದುವೆ, ದೇವಸ್ಥಾನದ ಕೆಲಸಕ್ಕೆ ಕುಲ್ಕುಲ್ ಅನ್ನುವ ಮರದ ಗಂಟೆ ಬಾರಿಸಿದರೆ ಮನೆಗೊಬ್ಬರು ಹೋಗಬೇಕು. ನಿಮ್ಮ ಮನೆ ಮಾಲೀಕ ಹೇಳಿದ ಕೆಲಸ ಬಿಟ್ಟು ಎರಡು ದಿನ ಕಾಣೆಯಾದರೆ ಸಿಟ್ಟು ಮಾಡಬೇಡಿ, ಅವನು ಅಲ್ಲಿರುತ್ತಾನೆ.

ಹಿರಿಯ ಗಂಡಸರಿಗೆ "ಪಾಕ್", ಹೆಂಗಸರಿಗೆ "ಇಬು". ನಿಮ್ಮ ಓರಗೆಯವನಿಗೆ "ಬ್ಲಿ", ಅಂದರೆ ಅಣ್ಣ. ಅಕ್ಕನಿಗೆ "ಎಂಬೊಕ್". ವಯಾನ್, ಮಾಡೆ, ನ್ಯೋಮಾನ್, ಕೆಟುಟ್ ಅಂತ ಹುಟ್ಟಿದ ಸರದಿಯ ಮೇಲೇ ಹೆಸರಿಡುವುದರಿಂದ ಒಂದೇ ಬೀದಿಯಲ್ಲಿ ಐದು ವಯಾನ್ ಇರುತ್ತಾರೆ. ಫೋನ್‌ನಲ್ಲಿ "ವಯಾನ್ ಸ್ಕೂಟರ್", "ವಯಾನ್ ಅಕ್ಕಿ" ಅಂತ ಸೇವ್ ಮಾಡಿಕೊಳ್ಳದಿದ್ದರೆ ಪಜೀತಿ.

ದೇವಸ್ಥಾನಕ್ಕೆ ಹೋಗುವಾಗ ಸೊಂಟಕ್ಕೆ ಪಂಚೆಯಂಥ ಕಾಮೆನ್, ಅದರ ಮೇಲೆ ಪಟ್ಟಿ ಕಡ್ಡಾಯ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ, ಮನೆಯಲ್ಲಿ ಸಾವಾದವರಿಗೂ ಸೂತಕ ಇದೆ. ರಸ್ತೆಯಲ್ಲಿ ಹೂವಿಟ್ಟ ಎಲೆಯ ಪುಟ್ಟ ತಟ್ಟೆ ಕಂಡರೆ ದಾಟಿ ಹೋಗಬೇಡಿ, ಪಕ್ಕಕ್ಕೆ ಸರಿದು ಹೋಗಿ. "ನಾವೂ ಹಿಂದೂಗಳೇ" ಅಂದರೆ ಅವರಿಗೆ ಖುಷಿಯಾಗುತ್ತದೆ, ನಿಜ. ಹಾಗಂತ ಅವರ ಪೂಜೆಯನ್ನು ತಿದ್ದಲು ಹೋಗಬೇಡಿ. ಅಲ್ಲಿ ನಾವು ನೆಂಟರು, ಪುರೋಹಿತರಲ್ಲ.

ಹಂತ 8: ಜಮೀನಿನ ಕಾನೂನು

ಇಲ್ಲಿ ನಿಧಾನವಾಗಿ ಓದಿ. ದುಡ್ಡು ಕಳೆದುಕೊಳ್ಳುವುದೆಲ್ಲ ಈ ಹಂತದಲ್ಲೇ.

ಇಂಡೋನೇಷ್ಯದ ಭೂಮಿ ಕಾನೂನಿನ ಬುಡ 1960ರ 5ನೇ ಕಾಯ್ದೆ. ಅದರ ಪ್ರಕಾರ ಪೂರ್ತಿ ಒಡೆತನ, ಅಂದರೆ 'ಹಕ್ ಮಿಲಿಕ್', ಇಂಡೋನೇಷ್ಯದ ಪ್ರಜೆಗಳಿಗೆ ಮಾತ್ರ. ನಮಗಿಲ್ಲ. ಆಗ ದಲ್ಲಾಳಿ ಹೇಳುತ್ತಾನೆ: "ನಮ್ಮ ಹುಡುಗನ ಹೆಸರಲ್ಲಿ ರಿಜಿಸ್ಟರ್ ಮಾಡಿಸೋಣ, ನಿಮಗೆ ಅವನ ಕೈಯಲ್ಲಿ ಸಾಲದ ಪತ್ರ ಬರೆಸಿಕೊಡ್ತೀನಿ, ಎಲ್ಲರೂ ಹೀಗೇ ಮಾಡೋದು." ಬೇನಾಮಿ, ಬೇರೇನಲ್ಲ. ಅದೇ ಕಾಯ್ದೆಯ 26ನೇ ಕಲಂ ಪ್ರಕಾರ, ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ವಿದೇಶಿಯರಿಗೆ ಒಡೆತನ ದಾಟಿಸುವ ವ್ಯವಹಾರ ಅಸಿಂಧು. ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳುವಂತೆಯೂ ಇಲ್ಲ. ಕಂಪನಿ ಷೇರನ್ನು ಬೇರೆಯವರ ಹೆಸರಲ್ಲಿಡುವುದನ್ನು 2007ರ ಹೂಡಿಕೆ ಕಾಯ್ದೆ ಅಸಿಂಧು ಮಾಡಿದೆ.

ಗದ್ದೆಗೆ ಇನ್ನೂ ಬಿಗಿ. ಕೃಷಿ ಜಮೀನಿನ ಒಡೆಯ ಅದಿರುವ ತಾಲ್ಲೂಕಿನಲ್ಲೇ ವಾಸವಿರಬೇಕು ಅನ್ನುವ 1961ರ ನಿಯಮ ಇಂಡೋನೇಷ್ಯದವರಿಗೇ ಅನ್ವಯಿಸುತ್ತದೆ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಬಂದ ಮೇಲೆ ಯಾರು ಬೇಕಾದರೂ ಹೊಲ ಕೊಳ್ಳಬಹುದು ಅನ್ನುವ ಅಭ್ಯಾಸದಲ್ಲಿ ಅಲ್ಲಿ ಯೋಚಿಸಬೇಡಿ. ಇದರ ಮೇಲೆ, ಆಹಾರ ಬೆಳೆಯುವ ಭೂಮಿಯನ್ನು ಕಾಯುವ 2009ರ 41ನೇ ಕಾಯ್ದೆ ಇದೆ. ರಕ್ಷಿತ ಗದ್ದೆಯಲ್ಲಿ ಮನೆ, ವಿಲ್ಲಾ ಕಟ್ಟುವಂತಿಲ್ಲ.

ಜತಿಲುವಿಹ್‌ನಲ್ಲೇ 2025ರ ಕೊನೆಯಲ್ಲಿ ಇದು ಬೀದಿಗೆ ಬಂತು. ಬಾಲಿ ವಿಧಾನಸಭೆಯ ಸಮಿತಿ ರಕ್ಷಿತ ಪ್ರದೇಶದೊಳಗಿನ ಹೋಟೆಲ್, ವಸತಿ ಕಟ್ಟಡಗಳಿಗೆ ಸೀಲ್ ಹಾಕಿಸಿತು. ರೈತರು ಸಿಟ್ಟಿಗೆದ್ದು ಪ್ರವಾಸಿಗರು ಫೋಟೋ ತೆಗೆಯುವ ಗದ್ದೆಗಳಲ್ಲೇ ತಗಡಿನ ಹಾಳೆ ನಿಲ್ಲಿಸಿದರು. ಅವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ನೋಡಲು ಬರುವವರಿಂದ ಬೇರೆಯವರು ದುಡಿಯುತ್ತಾರೆ, ಗದ್ದೆ ಉಳಿಸುವ ನಮಗೇನು ಸಿಗುತ್ತದೆ ಅಂತ. ಊರವರಿಗೇ ಹೀಗಾದರೆ ಹೊರಗಿನವರ ಕತೆ ಏನು, ಅಲ್ವಾ?

ಕಾನೂನು ಒಪ್ಪುವ ದಾರಿಗಳು ಇವು. ಒಂದು, ಗುತ್ತಿಗೆ. ಊರಿನ ವಸತಿ ಭಾಗದಲ್ಲಿ ಮನೆ ಅಥವಾ ನಿವೇಶನವನ್ನು ವರ್ಷಗಳ ಲೆಕ್ಕದಲ್ಲಿ ಹಿಡಿಯುವುದು. ಎರಡು, ವಾಸದ ಪರವಾನಗಿ ಇರುವ ವಿದೇಶಿಯರಿಗೆ ಸಿಗುವ 'ಹಕ್ ಪಾಕೈ' ಬಳಕೆ ಹಕ್ಕು. 2021ರ ನಿಯಮದ ಪ್ರಕಾರ ಮೊದಲಿಗೆ 30 ವರ್ಷ, ಆಮೇಲೆ 20 ವರ್ಷ ವಿಸ್ತರಣೆ, ಮತ್ತೆ 30 ವರ್ಷ ನವೀಕರಣ. ಮೂರು, ವಿದೇಶಿ ಬಂಡವಾಳದ ಕಂಪನಿ, ಅಂದರೆ ಪಿಟಿ ಪಿಎಂಎ. ಅದಕ್ಕೆ ಜಮೀನು-ಕಟ್ಟಡದ ಬೆಲೆ ಬಿಟ್ಟು 10 ಶತಕೋಟಿ ರುಪಿಯಾಕ್ಕಿಂತ ಜಾಸ್ತಿ ಹೂಡಿಕೆ ಯೋಜನೆ ಬೇಕು. 2025ರ ಅಕ್ಟೋಬರ್‌ನಲ್ಲಿ ಸಡಿಲವಾದದ್ದು ಮೊದಲಿಗೆ ಕಟ್ಟಬೇಕಾದ ಬಂಡವಾಳ ಮಾತ್ರ, ಅದು 2.5 ಶತಕೋಟಿಗೆ ಇಳಿಯಿತು. ನಾಲ್ಕು ರೂಮಿನ ಹೋಮ್‌ಸ್ಟೇಗೆ ಇದು ಹೊಂದುವ ಲೆಕ್ಕವಲ್ಲ. ಹೋಮ್‌ಸ್ಟೇ ಲೈಸೆನ್ಸ್ ಅಂತೂ ಅಲ್ಲಿನ ಪ್ರಜೆಗಳಿಗೇ ಮೀಸಲು.

ಹಂತ 9: ಗುತ್ತಿಗೆ ಬರೆಯುವ ಮುಂಚೆ

ಬಾಲಿಯಲ್ಲಿ ಜಮೀನಿನ ಲೆಕ್ಕ 'ಆರೆ'ಯಲ್ಲಿ. ಒಂದು ಆರೆ 100 ಚದರ ಮೀಟರ್, ಸುಮಾರು 1,076 ಚದರಡಿ. ನಮ್ಮ ಗುಂಟೆ 1,089. ಹೆಚ್ಚುಕಮ್ಮಿ ಒಂದೇ, ಮನಸ್ಸಲ್ಲೇ ಲೆಕ್ಕ ಹಾಕಬಹುದು. ಆದರೆ ಗುತ್ತಿಗೆ ದರವನ್ನು ಒಂದು ಆರೆಗೆ, ಒಂದು ವರ್ಷಕ್ಕೆ ಇಷ್ಟು ಅಂತ ಹೇಳುತ್ತಾರೆ. 25 ವರ್ಷದ ದುಡ್ಡನ್ನು ಒಟ್ಟಿಗೇ ಕೇಳುತ್ತಾರೆ. ನನ್ನನ್ನು ಕೇಳಿದರೆ, ಮೊದಲು ಒಂದೆರಡು ವರ್ಷಕ್ಕೆ ಕಟ್ಟಿರುವ ಮನೆ ಹಿಡಿಯಿರಿ, ಸಾಕು.

ಮೂಲ ಪತ್ರವನ್ನು ಭೂದಾಖಲೆ ಕಚೇರಿ ಬಿಪಿಎನ್‌ನಲ್ಲಿ ನಿಮ್ಮದೇ ನೋಟರಿಯಿಂದ ಪರಿಶೀಲಿಸಿ, ದಲ್ಲಾಳಿ ಕಳಿಸಿದ ನೋಟರಿಯಿಂದಲ್ಲ. ವಲಯ ನಕ್ಷೆ ಕೇಳಿ ಪಡೆಯಿರಿ. ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರೆಲ್ಲರ ಸಹಿ ಬೇಕು. ಇದೊಂದು ನಮ್ಮೂರಿನ ಹಾಗೇ. ದೇವಸ್ಥಾನದ ಜಮೀನು, ಅಥವಾ ಊರ ಸೇವೆಯ ಬಾಧ್ಯತೆ ಅಂಟಿಕೊಂಡ ಜಮೀನು ಆಗಿದ್ದರೆ ಕೈ ಹಾಕಬೇಡಿ. ಕರಾರಿನ ಇಂಡೋನೇಷ್ಯನ್ ಭಾಷೆಯ ಪ್ರತಿ 2009ರ 24ನೇ ಕಾಯ್ದೆ ಪ್ರಕಾರ ಇರಲೇಬೇಕು. ಬರೀ ಇಂಗ್ಲಿಷ್ ಕರಾರನ್ನು ಕೋರ್ಟು ರದ್ದು ಮಾಡಿದ ಉದಾಹರಣೆ ಇದೆ. ಗುತ್ತಿಗೆ ಮೊತ್ತದ ಮೇಲಿನ 10% ತೆರಿಗೆ ಯಾರು ಕಟ್ಟಬೇಕು, ಅವಧಿ ಮುಂದುವರಿಸುವಾಗ ದರ ಹೇಗೆ, ಮಾಲೀಕ ತೀರಿಕೊಂಡರೆ ಏನು, ಎಲ್ಲ ಬರೆಸಿ.

ಇಷ್ಟೆಲ್ಲ ಆದ ಮೇಲೂ ಪೆಕಸೆಹ್ ಮತ್ತು ಬಂಜಾರ್ ಮುಖ್ಯಸ್ಥರನ್ನು ಕಂಡು ಮಾತಾಡಿ. ಕಾಗದ ಸರಿ ಇದ್ದು ಊರು ಒಪ್ಪದಿದ್ದರೆ ಅಲ್ಲಿ ಬಾಳುವುದು ಆಗದ ಮಾತು.

ಹಂತ 10: ಹಾಗಾದರೆ ದುಡ್ಡು ಎಲ್ಲಿ ಹಾಕುವುದು?

ಬೆಳೆಯಲ್ಲಿ. ಕೆಂಪಕ್ಕಿಯನ್ನು ಒಳ್ಳೆ ಬೆಲೆಗೆ ಮುಂಗಡ ಕೊಟ್ಟು ಕೊಳ್ಳಬಹುದು. ಅಲ್ಲಿನವರೇ ನಡೆಸುವ ಕಂಪನಿ ಅಥವಾ ಸಹಕಾರ ಸಂಘದ ಜೊತೆ ಖರೀದಿ ಕರಾರು ಮಾಡಿಕೊಳ್ಳಬಹುದು, ಇದಕ್ಕೆ ನಿಮಗೆ ಅಲ್ಲಿ ಜಮೀನು ಬೇಡ. ಭಾರತಕ್ಕೆ ತರುವುದಾದರೆ ಆಮದು ಕೋಡ್, ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ), ಸಸ್ಯ ಕ್ವಾರಂಟೈನ್ ಎಲ್ಲ ಇದೆ, ಲೆಕ್ಕ ಗಿಟ್ಟುತ್ತದಾ ಅಂತ ಮೊದಲೇ ನೋಡಿ. ಚೆನ್ನಾಗಿದೆ ಅಂತ ಬಿತ್ತನೆ ಭತ್ತವನ್ನು ಜೇಬಿಗೆ ಹಾಕಿಕೊಂಡು ಬರಬೇಡಿ, ಪರವಾನಗಿ ಇಲ್ಲದೆ ಬೀಜ ತರುವುದು ಅಪರಾಧ.

ಹೆಚ್ಚು ದಿನ ಇರಬೇಕಾದವರಿಗೆ ವೀಸಾ ಬೇರೆ ಬೇರೆ ಇವೆ. ಹೊರದೇಶದ ಕಂಪನಿಗೆ ಲ್ಯಾಪ್‌ಟಾಪಲ್ಲಿ ಕೆಲಸ ಮಾಡುವವರಿಗೆ ಇ33ಜಿ ಅನ್ನುವ ವೀಸಾ. ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು. ಐಟಿಯವರಿಗೆ ಇದೇ ಸರಿ. ಕಂಪನಿ ಮಾಡಿದವರಿಗೆ ಹೂಡಿಕೆದಾರರ ವೀಸಾ. 12 ತಿಂಗಳಲ್ಲಿ 183 ದಿನ ದಾಟಿದರೆ ಅಲ್ಲಿ ತೆರಿಗೆ ನಿವಾಸಿಯಾಗುತ್ತೀರಿ.

ಹಂತ 11: ನಮ್ಮ ಕಡೆಯ ಲೆಕ್ಕ

ಭಾರತದಲ್ಲಿ ವಾಸವಿರುವವರು ಎಲ್‌ಆರ್‌ಎಸ್ ಅನ್ನುವ ರಿಸರ್ವ್ ಬ್ಯಾಂಕ್ ಯೋಜನೆಯ ಅಡಿ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಬ್ಯಾಂಕ್ ಮೂಲಕ ಕಳಿಸಬಹುದು. ಹೂಡಿಕೆಗೆ ಕಳಿಸುವ ಮೊತ್ತ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗಕ್ಕೆ 20% ಟಿಸಿಎಸ್, ಅಂದರೆ ಬ್ಯಾಂಕೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ಸ್ ಹಾಕಿದಾಗ ಹೊಂದಾಣಿಕೆ ಆಗುತ್ತದೆ, ಆದರೆ ಅಲ್ಲಿಯ ತನಕ ಆ ದುಡ್ಡು ಕೈಗೆ ಸಿಗದು. ಐದು ವರ್ಷ ಮೀರಿದ ಗುತ್ತಿಗೆಯನ್ನು ವಿದೇಶಿ ಆಸ್ತಿ ಅಂತಲೇ ಲೆಕ್ಕ ಹಿಡಿಯುತ್ತಾರೆ. ಕಂಪನಿ ಷೇರು ಕೊಳ್ಳುವುದಾದರೆ 2022ರ ವಿದೇಶಿ ಹೂಡಿಕೆ ನಿಯಮ ಅನ್ವಯಿಸುತ್ತದೆ. ಜಮೀನು ಕೊಂಡು ಮಾರುವುದೇ ಕಸುಬಾದ ಕಂಪನಿಗೆ ಇಲ್ಲಿಂದ ದುಡ್ಡು ಹಾಕುವಂತಿಲ್ಲ.

ಅಲ್ಲಿನ ಬ್ಯಾಂಕ್ ಖಾತೆ, ಗುತ್ತಿಗೆ, ಷೇರು ಎಲ್ಲವನ್ನೂ ರಿಟರ್ನ್ಸ್‌ನ ವಿದೇಶಿ ಆಸ್ತಿ ಭಾಗವಾದ ಶೆಡ್ಯೂಲ್ ಎಫ್ಎಯಲ್ಲಿ ಪ್ರತಿ ವರ್ಷ ತೋರಿಸಬೇಕು, ಆದಾಯ ಸೊನ್ನೆ ಇದ್ದರೂ. ಎರಡು ದೇಶದ ನಡುವೆ ತೆರಿಗೆ ಒಪ್ಪಂದ ಇರುವುದರಿಂದ ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ವಜಾ ಸಿಗುತ್ತದೆ. ಅದಕ್ಕೆ ಅಲ್ಲಿನ ತೆರಿಗೆ ಕಟ್ಟಿದ ರಸೀದಿ ಬೇಕು, ಆಯಾ ವರ್ಷವೇ ಕೇಳಿ ತೆಗೆದಿಟ್ಟುಕೊಳ್ಳಿ.